ಪ್ರಾಗ್ ನೋಡಲು ಎರಡು ಚಕ್ರ

ಸೆಗ್ವೇ ನಿಂತುಕೊಂಡೇ ಓಡಿಸುವ ಬ್ಯಾಟರಿ ವಾಹನ. ಅಮೆರಿಕದ ಡೀನ್ ಕೇಮನ್ 2001ರಲ್ಲಿ ಇದನ್ನು ಜಗತ್ತಿಗೆ ಪರಿಚಯಿಸಿದರು. ಇದರ ಎರಡು ಚಕ್ರಗಳು ಅಕ್ಕಪಕ್ಕದಲ್ಲಿವೆ. ಬ್ರೇಕೂ ಇಲ್ಲ, ಆಕ್ಸಿಲರೇಟರೂ ಇಲ್ಲ. ಸವಾರ ಕೊಂಚ ಮುಂದಕ್ಕೆ ಬಾಗಿದರೆ ಗೈರೋಸ್ಕೋಪ್ ಸಂವೇದಕಗಳು ಅದನ್ನು ಗ್ರಹಿಸುತ್ತವೆ. ಮೋಟಾರುಗಳು ಚಕ್ರಗಳನ್ನು ತಕ್ಕಷ್ಟು ಮುಂದಕ್ಕೆ ಉರುಳಿಸಿ ಅವನು ಮುಗ್ಗರಿಸದಂತೆ ತಡೆಯುತ್ತವೆ. ಹಿಂದಕ್ಕೆ ವಾಲಿದರೆ ವೇಗ ತಗ್ಗುತ್ತದೆ. ಗರಿಷ್ಠ ವೇಗ ಗಂಟೆಗೆ ಸುಮಾರು 20 ಕಿ.ಮೀ. ಮೂಲ ಮಾದರಿಯ ತಯಾರಿಕೆ 2020ರಲ್ಲಿ ನಿಂತರೂ ಪ್ರವಾಸಿಗರಲ್ಲಿ ಇದರ ಆಕರ್ಷಣೆ ಉಳಿದಿದೆ.

ಏರಿಳಿತಗಳ ಪ್ರಾಗ್ ನಗರಕ್ಕೆ ಇದು ಹೇಳಿ ಮಾಡಿಸಿದ ಸವಾರಿ. ಮಾರ್ಗದರ್ಶಿ ಮೊದಲು ಹೆಲ್ಮೆಟ್ ಹಾಕಿಸಿ ಹತ್ತುವುದು, ತಿರುಗುವುದು, ನಿಲ್ಲಿಸುವುದನ್ನು ಕಲಿಸುತ್ತಾರೆ. ಬಳಿಕ ಎಲ್ಲರೂ ಅವರ ಹಿಂದೆ ಒಂದೇ ಸಾಲಿನಲ್ಲಿ ಸಾಗುತ್ತಾರೆ. ಇಕ್ಕಟ್ಟಾದ ಐತಿಹಾಸಿಕ ಕೇಂದ್ರದಲ್ಲಿ ಪಾದಚಾರಿಗಳಿಗೆ ತೊಂದರೆಯೆಂದು ನಗರಾಡಳಿತ 2016ರಲ್ಲಿ ಅಲ್ಲಿ ಸೆಗ್ವೇ ನಿಷೇಧಿಸಿತು. ಹೀಗಾಗಿ ಸವಾರಿ ಪಶ್ಚಿಮದ ಎತ್ತರದ ಬಡಾವಣೆಗಳತ್ತ ಹೊರಳಿತು. ಅಲ್ಲಿ 993ರಲ್ಲಿ ಸ್ಥಾಪನೆಯಾದ ಬ್ರೆವ್ನೋವ್ ಬೆನೆಡಿಕ್ಟೀನ್ ಮಠವಿದೆ. ಇನ್ನೂ ಮುಂದೆ, ಮರಗಳ ನಡುವೆ, ಆರು ಮೂಲೆಗಳ ನಕ್ಷತ್ರಾಕಾರದ ತಳವಿನ್ಯಾಸವುಳ್ಳ 16ನೇ ಶತಮಾನದ ಹ್ವೆಜ್ದಾ ವಿಹಾರಸೌಧವಿದೆ. ನಡೆದು ದಣಿಯುವಷ್ಟು ದೂರದ ಈ ತಾಣಗಳನ್ನು ಒಂದೇ ಸುತ್ತಿನಲ್ಲಿ ನೋಡಬಹುದು. 1357ರಲ್ಲಿ ಕಟ್ಟಲಾರಂಭಿಸಿದ ಚಾರ್ಲ್ಸ್ ಸೇತುವೆಯನ್ನು ಮಾತ್ರ ಕಾಲ್ನಡಿಗೆಯಲ್ಲೇ ದಾಟಬೇಕು.