ಮುಖಕ್ಕೆ ಎಷ್ಟು ಸೆಕೆಂಡು?

ಮನೆಯಲ್ಲೇ ಫೋಟೋ ತೊಳೆಯಲು ಕತ್ತಲೆಕೋಣೆ ಮಾಡಿಕೊಳ್ಳುವುದನ್ನು ಕಲಿಸುವ ಪುಸ್ತಕಗಳು, ನಾನು ಓದಿದ ಮಟ್ಟಿಗೆ, ಬಚ್ಚಲಮನೆಯಿಂದಲೇ ಶುರುವಾಗುತ್ತವೆ. ನೀರಿದೆ, ಕಿಟಕಿ ಚಿಕ್ಕದು, ಒಪ್ಪಿದೆ. ಆರು ಜನರ ಸಂಸಾರದಲ್ಲಿ ಬಚ್ಚಲು ಖಾಲಿಯಾಗುವುದು ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ ಬರೆದವರು ಯೋಚಿಸಿದಂತಿಲ್ಲ. ನಂಜನಗೂಡಿನ ನಮ್ಮ ಮನೆಯಲ್ಲಿ ಅದು ರಾತ್ರಿ ಹತ್ತರ ಮೇಲೆ.

1991ರಲ್ಲಿ ಅಣ್ಣ ಹಳೆಯದೊಂದು ಎನ್‌ಲಾರ್ಜರ್ ತಂದ. ಕಿಟಕಿಗೆ ಕೌದಿ, ಬಾಗಿಲ ಸಂದಿಗೆ ಹಳೇ ಸೀರೆ. ಒಳಗೆ ಐದು ನಿಮಿಷ ಸುಮ್ಮನೆ ಕೂತರೆ ಬೆಳಕು ಎಲ್ಲಿ ನುಸುಳುತ್ತಿದೆಯೆಂದು ಕಣ್ಣಿಗೇ ತಿಳಿಯುತ್ತದೆ. ಕಪ್ಪು-ಬಿಳುಪಿನ ಕಾಗದಕ್ಕೆ ಕೆಂಪು ದೀಪ ಇರಬಹುದು. ಫಿಲಂ ಸುತ್ತುವಾಗ ಅದೂ ಕೂಡದು. ಮೂರು ಟ್ರೇ: ಡೆವಲಪರ್, ನೀರು, ಹೈಪೊ. ಪುಸ್ತಕದ 20 ಡಿಗ್ರಿ ನಮ್ಮ ಬೇಸಿಗೆಯ ನಲ್ಲಿನೀರಿಗೆ ಸಿಕ್ಕುವುದಲ್ಲ. ಐಸು ಹಾಕಿದ ಬೇಸಿನ್ನಿನಲ್ಲಿ ಟ್ರೇ ಇಡುತ್ತಿದ್ದೆವು. ಇವಕ್ಕೆ ಬಳಸಿದ ಪಾತ್ರೆ, ಚಮಚ ಮತ್ತೆ ಅಡುಗೆಮನೆ ಸೇರಕೂಡದು. ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿದ್ದ ಈ ಮಾತು ಮೊದಲ ಪುಟದಲ್ಲಿರಬೇಕಿತ್ತು. ಡೆವಲಪರಿನ ಮೆಟಾಲ್ ಕೆಲವರ ಚರ್ಮಕ್ಕೆ ಆಗದು, ಚಿಮಟ ಬೇಕು. ಬಳಸಿದ ಹೈಪೊದಲ್ಲಿ ಬೆಳ್ಳಿಯಿರುತ್ತದೆ, ಕಪಿಲೆಗೆ ಹರಿಸುವಂಥದ್ದಲ್ಲ.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಸಲಕರಣೆಯ ಪಟ್ಟಿ ಕೊಡುವ ಈ ಪುಸ್ತಕಗಳು, ಆ ಕತ್ತಲೆಯಲ್ಲಿ ಒಬ್ಬರ ಮೈಬಣ್ಣವೂ ತೀರ್ಮಾನವಾಗುತ್ತದೆ ಎಂಬುದನ್ನು ಹೇಳುವುದೇ ಇಲ್ಲ.

ತಿ. ನರಸೀಪುರದ ಚಿಕ್ಕಮ್ಮನ ಮಗಳು ಎಣ್ಣೆಗಪ್ಪು. ಗಂಡಿನ ಕಡೆಗೆ ಕಳಿಸಲು ತೆಗೆಸಿದ್ದ ಫೋಟೋದಲ್ಲಿ ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದ್ದರು. ನೆಗೆಟಿವ್‌ನಲ್ಲಿ ಮುಖ ದಟ್ಟವಾದಷ್ಟೂ ಕಾಗದದ ಮೇಲೆ ಬೆಳ್ಳಗೆ ಬರುತ್ತದೆ. ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, "ಫೋಟೋದಲ್ಲಿ ಬೆಳ್ಳಗಿದ್ದಳಲ್ಲ" ಎಂದು ಎದ್ದುಹೋದರು. ಎರಡು ಸಲ ಹೀಗಾಯಿತು.

ಆಮೇಲೆ ಅಣ್ಣ ಹಿತ್ತಲಲ್ಲಿ ಅವಳ ಚಿತ್ರ ತೆಗೆದ, ಪ್ರಿಂಟು ನನ್ನ ಪಾಲಿಗೆ ಬಂತು. ಕಾಗದದ ಪಟ್ಟಿಗೆ ರಟ್ಟು ಮುಚ್ಚಿ ಸರಿಸುತ್ತ 4, 8, 12, 16 ಸೆಕೆಂಡು ಬೆಳಕು ಬಿಟ್ಟೆ. ನಾಲ್ಕರಲ್ಲಿ ಹುಡುಗಿ ಬೆಳ್ಳಗಿದ್ದಳು, ಆದರೆ ಮೂಗಿನ ಪಕ್ಕದ ನೆರಳು ಹೋಗಿ ಮುಖ ದೋಸೆಯಂತೆ ಚಪ್ಪಟೆ, ಮುಡಿದ ಮಲ್ಲಿಗೆ ಬರೀ ಬಿಳಿ ಮುದ್ದೆ. ಹದಿನಾರರಲ್ಲಿ ಕಣ್ಣೇ ಮುಳುಗಿದ್ದವು. ಹನ್ನೆರಡರಲ್ಲಿ ಕೆನ್ನೆಗೆ ಗುಂಡನೆಯ ಹೊಳಪು, ಮೊಗ್ಗು ಮೊಗ್ಗೂ ಬೇರೆ. "ಇನ್ನೊಂಚೂರು ತಿಳಿ ಮಾಡೇ" ಎಂದರು ಚಿಕ್ಕಮ್ಮ. ಹುಡುಗಿ, "ಅಕ್ಕ, ಇದನ್ನೇ ಕಳಿಸು" ಎಂದಳು. ಅದನ್ನೇ ಕಳಿಸಿದೆವು.

ಬಿಳುಪನ್ನೇ ಅಳತೆಗೋಲು ಮಾಡಿಕೊಂಡವರು ನಮ್ಮೂರಿನವರಷ್ಟೇ ಅಲ್ಲ. ಅಮೆರಿಕದ ಕೊಡಕ್ ಕಂಪನಿ 1950ರ ದಶಕದಿಂದ ಬಣ್ಣ ಸರಿಹೊಂದಿಸಲು ಲ್ಯಾಬುಗಳಿಗೆ ಕೊಡುತ್ತಿದ್ದ 'ಶರ್ಲಿ ಕಾರ್ಡ್'ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಮುಖ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ (1923–2009) ತೆಗೆದ ಮಕ್ಕಳ ಚಿತ್ರಗಳನ್ನು ಅದರ ಪಕ್ಕ ಇಟ್ಟು ನೋಡಿ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಕಪ್ಪು ಕೆನ್ನೆಯೂ ಬೆಳಕು ಹಿಡಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿದೆ, 'ಇಂದು' ಫಿಲಂ ಈಗಿಲ್ಲ, ಹೊರದೇಶದ್ದು ದುಬಾರಿ. ಆದರೂ ಆಸೆಯಿದ್ದರೆ ಎನ್‌ಲಾರ್ಜರ್‌ಗಾಗಿ ಕಾಯಬೇಡಿ. 120 ಫಿಲಂನ ನೆಗೆಟಿವನ್ನು ಕಾಗದದ ಮೇಲಿಟ್ಟು ಗಾಜು ಹೇರಿದರೆ ಅಂಗೈಯಲ್ಲಿ ಹಿಡಿಯುವಷ್ಟು ಪ್ರಿಂಟು ಬರುತ್ತದೆ. ಮೊದಲ ಪಟ್ಟಿಯನ್ನು ಮನೆಯಲ್ಲಿ ಎಲ್ಲರಿಗಿಂತ ಕಪ್ಪಗಿರುವವರ ಮುಖದಿಂದ ತೆಗೆಯಿರಿ. ಒಣಗಿದ ಮೇಲೆ ಹಗಲು ಬೆಳಕಿನಲ್ಲಿ, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.