ರೆಜ್‌ಪಾರ್ಮ್: ಸ್ಟ್ಯಾಕ್ ಉಳಿತಾಯದ ಅಸಲಿ ಲೆಕ್ಕ

32 ಬಿಟ್ ಇಂಟೆಲ್ ಯಂತ್ರಗಳಲ್ಲಿ ಲಿನಕ್ಸ್ ಕರ್ನೆಲ್ ಪ್ರತಿ ಪ್ರೊಸೆಸ್‌ಗೆ ತನ್ನ ಒಳಗಿನ ಕೆಲಸಕ್ಕೆಂದು ಇಡುತ್ತಿದ್ದ ಸ್ಟ್ಯಾಕ್ 8 ಕೆಬಿ ಮಾತ್ರ. 2004ರ 2.6.6 ಆವೃತ್ತಿಯಲ್ಲಿ ಅದನ್ನು 4 ಕೆಬಿಗೆ ಇಳಿಸುವ ಆಯ್ಕೆಯೂ ಬಂತು. ಈ ಸ್ಟ್ಯಾಕ್ ಬೇಕೆಂದಾಗ ಬೆಳೆಯುವುದಿಲ್ಲ; ತುಂಬಿದರೆ ಆಚೆಗಿನ ಮೆಮೊರಿಯನ್ನು ಕೆಡಿಸುತ್ತದೆ. ಫಂಕ್ಷನ್ನಿನ ಮೊದಲ ಮೂರು ಆರ್ಗ್ಯುಮೆಂಟ್‌ಗಳನ್ನು ಸ್ಟ್ಯಾಕ್ ಬದಲು ಇಎಎಕ್ಸ್, ಇಡಿಎಕ್ಸ್, ಇಸಿಎಕ್ಸ್ ರಿಜಿಸ್ಟರ್‌ಗಳಲ್ಲಿ ಕಳಿಸುವ ಜಿಸಿಸಿಯ ರೆಜ್‌ಪಾರ್ಮ್ ಪದ್ಧತಿ ಈ ಇಕ್ಕಟ್ಟಿಗೆ ಸುಲಭದ ಪರಿಹಾರದಂತೆ ಕಂಡಿತು. ಮೊದಲು ಐಚ್ಛಿಕವಾಗಿದ್ದ ಅದು 2007ರ 2.6.20ರಲ್ಲಿ ಕಡ್ಡಾಯವಾಯಿತು.

ಮೇಲ್ನೋಟಕ್ಕೆ ಲೆಕ್ಕ ಸರಳ. ಹಳೆಯ ಪದ್ಧತಿಯಲ್ಲಿ ಮೂರು ಆರ್ಗ್ಯುಮೆಂಟ್‌ಗೆ 12 ಬೈಟ್, ಹಿಂದಿರುಗುವ ವಿಳಾಸಕ್ಕೆ 4. ಹೊಸದರಲ್ಲಿ ಆ 4 ಮಾತ್ರ. ಆದರೆ ಕರೆಸಿಕೊಂಡ ಫಂಕ್ಷನ್ ತಾನೂ ಇನ್ನೊಂದನ್ನು ಕರೆದರೆ ಈ ಮೂರು ರಿಜಿಸ್ಟರ್‌ಗಳು ಅಳಿಸಿಹೋಗಬಹುದು. ಆಮೇಲೂ ಬೇಕಾದ ಮೌಲ್ಯವನ್ನು, ಕರೆಯ ನಂತರವೂ ಅಳಿಯದ ಇಬಿಎಕ್ಸ್‌ನಂಥ ರಿಜಿಸ್ಟರ್‌ಗೆ ಸಾಗಿಸಬೇಕು, ಅದಕ್ಕೆ ಮುಂಚೆ ಇಬಿಎಕ್ಸ್‌ನ ಹಳೆಯ ಮೌಲ್ಯವನ್ನು ಸ್ಟ್ಯಾಕ್‌ಗೆ ತಳ್ಳಬೇಕು. ಉಳಿಸಿದ್ದರಲ್ಲಿ 4 ಬೈಟ್ ಅಲ್ಲಿಗೆ ವಾಪಸ್! ಹಳೆಯ ಪದ್ಧತಿಯಲ್ಲಾದರೆ ಆ ಮೌಲ್ಯ ಹೇಗೂ ಸ್ಟ್ಯಾಕ್‌ನಲ್ಲೇ ಕೂತಿರುತ್ತಿತ್ತು. ಹಾಗಾಗಿ ಪೂರ್ತಿ ಲಾಭ ಸಿಗುವುದು ಮುಂದೆ ಯಾರನ್ನೂ ಕರೆಯದ ಕೊನೆಯ ಫಂಕ್ಷನ್ನಿನಲ್ಲಿ. ಕೋಡ್ ಗಾತ್ರ ಮತ್ತು ವೇಗದಲ್ಲಿ ಆದ ಲಾಭವೇ ನಿಜವಾದದ್ದು.

ಸ್ಟ್ಯಾಕ್ ತಿನ್ನುವುದು ಬೇರೆಯದೇ. ಯಾರೋ ಫಂಕ್ಷನ್ನಿನ ಒಳಗೆ ಘೋಷಿಸಿದ 512 ಬೈಟ್‌ನ ಒಂದು ಬಫರ್, 12 ಬೈಟ್‌ನಂತೆ 42 ಕರೆಗಳ ಉಳಿತಾಯವನ್ನು ಒಮ್ಮೆಗೇ ನುಂಗುತ್ತದೆ. ತುಂಬಿ ಬೀಳುವುದು ಮಾತ್ರ ಕರೆಗಳ ಸರಪಳಿಯ ತುದಿಯ ಬಡಪಾಯಿ ಫಂಕ್ಷನ್. ಸಿರುಗುಪ್ಪ ಕಡೆ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನೀರು ಎಳೆದುಕೊಂಡವರು ಮೇಲಿನವರು, ಒಣಗಿದ್ದು ತಮ್ಮ ಗದ್ದೆ.

ರೆಜ್‌ಪಾರ್ಮ್‌ಗೆ ಬೆಲೆಯೂ ಇತ್ತು. ಅಸೆಂಬ್ಲಿಯಿಂದ ಕರೆಯುವ ಫಂಕ್ಷನ್‌ಗಳಿಗೆ 'ಆಸ್ಮ್‌ಲಿಂಕೇಜ್' ಗುರುತು ಹಾಕಲು ಮರೆತರೆ ಅವು ತಪ್ಪು ಜಾಗದಿಂದ ಆರ್ಗ್ಯುಮೆಂಟ್ ಓದುತ್ತಿದ್ದವು. ಸೋರ್ಸ್ ಇಲ್ಲದೆ ಹಂಚಲಾಗುತ್ತಿದ್ದ ಹಳೆಯ ಡ್ರೈವರ್‌ಗಳು ಹೊಸ ಕರ್ನೆಲ್‌ಗೆ ಹೊಂದುತ್ತಿರಲಿಲ್ಲ.

ಸ್ಟ್ಯಾಕ್ ಉಳಿಸುವಲ್ಲಿ ಫಲ ಕೊಟ್ಟದ್ದು ಸಪ್ಪೆ ಎನಿಸುವ ಕ್ರಮಗಳು: ಇಂಟರಪ್ಟ್‌ಗಳಿಗೆ ಪ್ರತ್ಯೇಕ ಸ್ಟ್ಯಾಕ್, ದೊಡ್ಡ ಬಫರ್‌ಗಳನ್ನು ಹೀಪ್‌ಗೆ ಸಾಗಿಸುವುದು, ಫಂಕ್ಷನ್ ಸ್ಟ್ಯಾಕ್ ಮಿತಿ ಮೀರಿದರೆ ಕಂಪೈಲರ್ ಎಚ್ಚರಿಸುವ ಏರ್ಪಾಡು, ಒಂದು ಫಂಕ್ಷನ್ ಇನ್ನೊಂದರೊಳಗೆ ಬೆರೆಯದಂತೆ (ಇನ್‌ಲೈನ್ ಆಗದಂತೆ) ತಡೆಯುವ ಗುರುತು. 64 ಬಿಟ್ ಯಂತ್ರಗಳಲ್ಲಿ ಆರು ಆರ್ಗ್ಯುಮೆಂಟ್‌ಗಳು ರಿಜಿಸ್ಟರ್‌ನಲ್ಲೇ ಹೋಗುತ್ತವೆ. ಆದರೂ ಅಲ್ಲಿ 8 ಕೆಬಿ ಸಾಲದೆ, 2014ರ 3.15 ಆವೃತ್ತಿಯಲ್ಲಿ ಸ್ಟ್ಯಾಕ್ ಅನ್ನು 16 ಕೆಬಿಗೆ ಏರಿಸಲಾಯಿತು.