ಯಾರ ನೋವಿಗೆ ಎಷ್ಟು ಅಂಕ?

ನೋವು ಅಂದರೆ ಅದನ್ನು ಉಣ್ಣುವವರು ಏನು ಹೇಳುತ್ತಾರೋ ಅದೇ. ಅಮೆರಿಕದ ನರ್ಸ್ ಮಾರ್ಗೊ ಮೆಕ್ಯಾಫ್ರಿ 1968ರಲ್ಲಿ ಮುಂದಿಟ್ಟ ಈ ವಿಚಾರ ಇವತ್ತು ನರ್ಸಿಂಗ್ ಪಾಠದ ಬುನಾದಿ. ಅಳತೆಗೋಲು ಡಾಕ್ಟರ ಕೈಯಿಂದ ರೋಗಿಯ ಬಾಯಿಗೆ ಬಂತು. ಒಳ್ಳೆಯದೇ. ಆದರೆ ಬಾಯಿ ಬಿಡಬಾರದು ಅಂತಲೇ ಬೆಳೆಸಿದ ಜನರ ನಡುವೆ ಈ ಪಾಠ ಹೇಗೆ ನಡೆಯುತ್ತದೆ?

ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯನ್ನೇ ನೋಡಿ. ಈ ಕರಾವಳಿ ಕೊರಗರ ಮೈಯನ್ನು ಬೇರೆಯವರ ಪೀಡೆ ಹೊರುವ ಬುಟ್ಟಿ ಮಾಡಿಕೊಂಡಿತ್ತು. ಕೂದಲು, ಉಗುರು ಬೆರೆಸಿದ ಅನ್ನ ಉಣ್ಣಿಸುವುದು, ಕಂಬಳಕ್ಕೆ ಮುಂಚೆ ಕೋಣಗಳ ಹಾಗೆ ಓಡಿಸುವುದು. ಇದರ ಹೆಸರು ಅಜಲು. ಕರ್ನಾಟಕದಲ್ಲಿ ಇದನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಉಂಡವರ ಸಂಕಟ ಎಷ್ಟು ಅಂತ ಉಣ್ಣಿಸಿದವರು ಕೇಳಿದ್ದುಂಟೇ?

ಅಂಥ ಕೇರಿಯ ಹೆಂಗಸು ಆಸ್ಪತ್ರೆ ಮಂಚದ ಮೇಲಿದ್ದಾಳೆ ಅನ್ನಿ. 'ನೋವುಂಟಾ?' ಅಂದರೆ 'ಅಡ್ಡಿಲ್ಲ ಅಮ್ಮಾ' ಅನ್ನುತ್ತಾಳೆ. ಕಾಗದದ ಮೇಲೆ ಸೊನ್ನೆ ಬೀಳುತ್ತದೆ. ಅದು ನೋವಿನ ಅಂಕ ಅಲ್ಲ, ಹೆದರಿಕೆಯ ಅಂಕ. ಗೇರುಬೀಜ ಸುಲಿದವಳು, ಮೀನುಬುಟ್ಟಿ ಹೊತ್ತವಳು, ಕೆಂಪುಕಲ್ಲು ಕಡಿದವನು ಕೊಡುವ ಉತ್ತರವೂ ಎಷ್ಟೋ ಸಲ ಇದೇ.

'ಕೂಲಿಯವರ ಮೈ ಗಟ್ಟಿ, ತಡ್ಕೊಳ್ತಾರೆ' ಅನ್ನುವ ಮಾತು ಬರೀ ನಮ್ಮೂರಿನದಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದ್ದವರು ಬಿಳಿ ವೈದ್ಯವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರಲ್ಲಿ ಅರ್ಧದಷ್ಟು ಮಂದಿ. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಅಳೆದರು. ಅಲ್ಲಿ ಬಣ್ಣ, ಇಲ್ಲಿ ಜಾತಿ.

ಇನ್ನು ಸೊನ್ನೆಯಿಂದ ಹತ್ತರ ಅಳತೆ. ಶಾಲೆ ಕಾಣದವರಿಗೆ ನೋವು ಅಂಕೆಯಲ್ಲಿ ಬರುವುದಿಲ್ಲ, ಮಾತಿನಲ್ಲಿ ಬರುತ್ತದೆ: ಉರಿ, ಜೋಮು, ಸೆಳೆತ, ಹಿಂಡಿದ ಹಾಗೆ. ಇವು ಬರೀ ಗೋಳಲ್ಲ, ಗುರುತುಗಳು. ಉರಿ, ಜೋಮು ಅಂದರೆ ನರದ ನೋವಿರಬಹುದು. ಅದಕ್ಕೆ ಮದ್ದೇ ಬೇರೆ. ಎದೆ ಹಿಂಡಿದ ಹಾಗೆ ಅಂದರೆ ತಡ ಮಾಡುವ ಹಾಗಿಲ್ಲ. ಬರೀ ಅಂಕೆ ಬರೆದುಕೊಂಡರೆ ಇವೆಲ್ಲ ಕಳೆದುಹೋಗುತ್ತವೆ.

ಇಷ್ಟು ಹೇಳಿ ನರ್ಸನ್ನು ಕಟಕಟೆಗೆ ಎಳೆಯುವುದು ಸುಲಭ. ಅದು ಅನ್ಯಾಯ. ಗುತ್ತಿಗೆ ಸಂಬಳ, ವಾರ್ಡಿನ ತುಂಬ ರೋಗಿಗಳು, ಮದ್ದು ಬರೆಯುವ ಅಧಿಕಾರ ಡಾಕ್ಟರದ್ದು. ಅವಳ ಮಾತಿಗೂ ಅಲ್ಲಿ ಬೆಲೆ ಕಮ್ಮಿ. ಬೆಲೆಯಿಲ್ಲದ ಇಬ್ಬರು ಎದುರುಬದುರಾದಾಗ ನೋವು ಇಬ್ಬರ ನಡುವೆಯೇ ಉಳಿಯುತ್ತದೆ.

ಹಾಗಾದರೆ ಏನು ಮಾಡಬೇಕು? ಮಲಗಿದಾಗ ಮಾತ್ರ ಕೇಳಿದರೆ ಸಾಲದು. ಕೆಮ್ಮಿದಾಗ, ಮಗ್ಗುಲಾದಾಗ ಕೇಳಬೇಕು. ಗಾಯದ ಪಟ್ಟಿ ಬಿಚ್ಚುವ ಮುಂಚೆ ನೋವಿನ ಮದ್ದು ಕೊಡಿಸಬೇಕು, ಕೊಟ್ಟ ಮೇಲೆ ಇಳಿಯಿತಾ ಅಂತ ಮತ್ತೆ ಬಂದು ನೋಡಬೇಕು. ರೋಗಿಯ ಮಾತನ್ನು ಅವರ ನುಡಿಯಲ್ಲೇ ಬರೆಯಬೇಕು. ಹೇಳಲಾರದವರಿಗೂ ನೋವಿರಬಹುದು ಅಂತ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘದ 2020ರ ವ್ಯಾಖ್ಯೆಯೇ ಒಪ್ಪಿದೆ. ಹುಬ್ಬು ಗಂಟಿಕ್ಕಿದೆಯಾ, ಮುಷ್ಟಿ ಬಿಗಿದಿದೆಯಾ, ಅದನ್ನು ಓದಲು ಕಣ್ಣು ಬೇಕು. ಆ ಕಣ್ಣಿಗೆ ಬಿಡುವು ಬೇಕು, ಬಿಡುವಿಗೆ ಇನ್ನಷ್ಟು ನರ್ಸುಗಳು ಬೇಕು.

ಗೆಳೆಯರೇ, ಇದನ್ನು ಕರುಣೆ ಅಂತ ಕೇಳಬೇಡಿ, ಹಕ್ಕು ಅಂತ ಕೇಳಿ. 'ಅಡ್ಡಿಲ್ಲ' ಅನ್ನುವವರ ಪಕ್ಕ ನಿಂತು 'ಅಡ್ಡಿಯುಂಟು' ಅನ್ನುವುದೂ ಬಂಡಾಯವೇ.